ಯಾರ ಹಾಗೂ ಇಲ್ಲದವರ ವಾಸನೆ

ಬಾಗಿಲು ಬಡಿದವರು ಯಾರೆಂದು ತಿಳಿಯಲು ನನಗೆ ಕಣ್ಣು ಬೇಕಾಗಿಲ್ಲ. ಚಿಲಕ ತೆಗೆಯುವ ಮೊದಲೇ ಮೂಗು ಹೇಳಿಬಿಡುತ್ತದೆ. ಕಾಕಂಬಿಯ ಹುಳಿವಾಸನೆ ಬಂತೆಂದರೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಸೋದರಮಾವ. ಒದ್ದೆ ಗೋಣಿಚೀಲದ ವಾಸನೆಯಾದರೆ ಮೆಂತ್ಯೆಪಲ್ಲೆ ಮಾರುವ ಮುದುಕಿ. ಸುಣ್ಣ ತಂಬಾಕು ಕೂಡಿ ಬಂದವೋ, ಎದುರುಮನೆಯ ನಿವೃತ್ತ ಮಾಸ್ತರರು ಬಂದರು, ನನ್ನ ಮಧ್ಯಾಹ್ನದ ನಿದ್ದೆ ಹೋಯಿತು. ಜಂಬಕ್ಕೆ ಹೇಳುತ್ತಿಲ್ಲ. ಬೈಲಹೊಂಗಲದ ಓಣಿಯ ಮನೆಯೊಂದರಲ್ಲಿ ಬೇಳೆ ತಳ ಹತ್ತುವುದನ್ನು ಪಡಸಾಲೆಯಿಂದಲೇ ಹಿಡಿಯಬೇಕಾದ ಹೆಂಗಸಿಗೆ ಮೂಗು ಅಲಂಕಾರಕ್ಕಲ್ಲ, ಕೆಲಸಕ್ಕೆ ಇರುವುದು. ಇಂಥ ಮೂಗಿನ ಮುಂದೆ ಒಂದು ಸೆಂಟಿನ ಬಾಟಲಿ ಬಂದು ನಿಂತು, ಮನುಷ್ಯರ ವ್ಯಕ್ತಿತ್ವದ ಬಗ್ಗೆ ನನಗೇ ಪಾಠ ಹೇಳಿದರೆ ಸಿಟ್ಟು ಬರುವುದಿಲ್ಲವೇ?

ತೊಂಬತ್ತರ ದಶಕದ ಕೊನೆಯ ಮಾತು. ತಂದವನು ಮೈದುನ ಬಸವರಾಜ. ಬೆಳಗಾವಿಯಲ್ಲಿ ನೌಕರಿ ಹಿಡಿದ ಮೇಲೆ ಅವನು ಊರಿಗೆ ಬರಿಗೈಯಲ್ಲಿ ಬಂದದ್ದೇ ಇಲ್ಲ. ನಮಗೆ ಬೇಡವಾದದ್ದು ಏನಾದರೊಂದನ್ನು ತಂದೇ ತರುತ್ತಿದ್ದ.

"ವೈನಿ, ಪೆಟಗಿ ಬೆನ್ನ ಮ್ಯಾಲ ಬರದಾರ ನೋಡ್ರಿ, ಇದು ಗಂಡಸರಿಗೂ ನಡೀತೈತಿ, ಹೆಂಗಸರಿಗೂ ನಡೀತೈತಿ. ಅಣ್ಣಾಗೂ ನಿಮಗೂ ಕೂಡಿ ಒಂದ ಬಾಟ್ಲಿ!"

"ಉಪ್ಪಿನಕಾಯಿನೂ ಹಂಗ ಐತಲ್ಲೋ. ಅದನ್ನ ಯಾರೂ ಹಿಂಗ ಡಂಗುರಾ ಸಾರಂಗಿಲ್ಲ" ಎಂದೆ.

ಅವನು ಪೆಟ್ಟಿಗೆಯ ಬೆನ್ನಿನ ಇಂಗ್ಲಿಷನ್ನು ನನಗಾಗಿ ಕನ್ನಡ ಮಾಡಿದ: "ಇದನ್ನ ಹಾಕ್ಕೊಂಡಾವರು ಯಾರ ಹಂಗೂ ಇರಂಗಿಲ್ಲಂತ. ಗಾಳಿ ಇದ್ದಂಗ ಇರತಾರಂತ. ಯಾರ ಮಾತಿಗೂ ಬಗ್ಗಂಗಿಲ್ಲಂತ."

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಹಂಗಾರ ನಿಮ್ಮ ವೈನಿಗೆ ಇದರ ಜರೂರ ಇಲ್ಲ ಬಿಡು" ಎಂದರು. ನಾನು ಪೆಟ್ಟಿಗೆಯನ್ನು ತೆರೆಯದೆ ಕಪಾಟಿನಲ್ಲಿ ರೇಶ್ಮೆ ಸೀರೆಗಳ ನಡುವೆ, ಡಾಂಬರ ಗುಳಿಗೆಗಳ ಪಕ್ಕದಲ್ಲಿ ಇಟ್ಟೆ. ಇಬ್ಬರೂ ತಂತಮ್ಮ ವ್ಯಕ್ತಿತ್ವ ತೋರಿಸಿಕೊಂಡು ಇರಲಿ ಎಂದು.

ತೆರೆಯದಿದ್ದರೇನು, ಆ ವಾಸನೆಯ ಪರಿಚಯಕ್ಕೆ ಬಾಟಲಿಯೇ ಬೇಕಾಗಿರಲಿಲ್ಲ. ಬಸವರಾಜ ಅದನ್ನು ಮೈತುಂಬ ಹೊಡೆದುಕೊಂಡೇ ಬಂದಿದ್ದ. ಲಿಂಬೆಸಿಪ್ಪೆಯನ್ನು ದಾಡಿಯ ಸೋಪಿನ ನೀರಿನಲ್ಲಿ ನೆನೆಹಾಕಿದಂಥ ವಾಸನೆ. ಆಮೇಲೆ ನೋಡುತ್ತೇನೆ, ಯಾವ ಬಸ್ಸು ಹತ್ತಿದರೂ ಅದೇ. ಯಾರ ಹಾಗೂ ಇಲ್ಲದ ತರುಣರು, ಯಾರ ಹಾಗೂ ಇಲ್ಲದ ತರುಣಿಯರು, ಮೊದಲ ಸೀಟಿನಿಂದ ಕೊನೆಯ ಸೀಟಿನವರೆಗೆ ಒಂದೇ ಸಮನೆ ನಾರುತ್ತ ಕೂತಿರುತ್ತಿದ್ದರು. ಬೇರೆಯವರಂತೆ ಇರಬಾರದೆಂದು ಎಲ್ಲರೂ ಕೂಡಿ ಒಂದೇ ಬಾಟಲಿಗೆ ಕೈಹಾಕುವ ಈ ಜಾಣತನ ನನಗೆ ಇವತ್ತಿಗೂ ತಿಳಿದಿಲ್ಲ.

ಗಂಡು ಹೆಣ್ಣು ಇಬ್ಬರಿಗೂ ಒಂದೇ ಎಂಬುದೇನು ಹೊಸ ಶೋಧವೇ? ಉಗರಗೋಳದಲ್ಲಿ, ದೇವಿಯ ಗುಡ್ಡ ಹತ್ತುವ ದಾರಿಯಲ್ಲಿ, ಸಾಬರೊಬ್ಬರು ಅತ್ತರಿನ ಪೆಟ್ಟಿಗೆ ಇಟ್ಟುಕೊಂಡು ಕೂಡುತ್ತಿದ್ದರು. ಕೈ ಚಾಚಿದವರಿಗೆಲ್ಲ ಒಂದು ಗೆರೆ ಎಳೆಯುತ್ತಿದ್ದರು. ನೀನು ಗಂಡಸೋ, ಹೆಂಗಸೋ, ಯಾರ ಮಾತಿಗಾದರೂ ಬಗ್ಗುವವಳೋ ಎಂದು ಕೇಳಿದ್ದು ನಾನು ಕಾಣೆ. ವ್ಯಕ್ತಿತ್ವವನ್ನು ನಾವು ಮನೆಯಿಂದಲೇ ತಂದಿರುತ್ತೇವೆ ಎಂಬಷ್ಟು ನಂಬಿಕೆ ಆ ಕಾಲದ ವ್ಯಾಪಾರಿಗಳಿಗೆ ಇತ್ತು. ಇನ್ನು ಗಾಳಿಯ ಮಾತು. ನಮ್ಮ ಹಳೆಯ ತಾರ್ಕಿಕರು ವಾಸನೆಯನ್ನು ಭೂಮಿಗೆ ಮಾತ್ರ ಬರೆದುಕೊಟ್ಟಿದ್ದಾರೆ. ಗಾಳಿಗೆ ಸ್ವಂತದ್ದೆಂಬ ವಾಸನೆಯಿಲ್ಲ. ಯಾರ ಮಗ್ಗುಲಿಂದ ಹಾದು ಬಂತೋ ಅವರದನ್ನು ಹೊತ್ತು ತರುತ್ತದೆ, ಅಷ್ಟೇ. ಪೆಟ್ಟಿಗೆಯ ಬೆನ್ನ ಮೇಲೆ ಬರೆದವನಿಗೆ ಇದು ಗೊತ್ತಿದ್ದರೆ ಗಾಳಿಯ ಹೆಸರು ಎತ್ತುತ್ತಿರಲಿಲ್ಲ.

ನನ್ನ ನಾದಿನಿ ಶೋಭಾ ಆಗ ಯರಗಟ್ಟಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಅತ್ತೆಯವರು ತೀರಿಕೊಂಡಾಗ ಲಂಗ ತೊಡುತ್ತಿದ್ದ ಹುಡುಗಿ ಅದು. ಅವಳ ತಲೆಗೆ ಎಣ್ಣೆ ಹಚ್ಚಿ ಬೆಳೆಸಿದವಳು ನಾನು. ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, "ತಿಳಸ್ತೀವ್ರಿ" ಎಂದು ಹೋಗುತ್ತಿದ್ದರು. ಅಷ್ಟರಲ್ಲಿ ರಾಮದುರ್ಗದ ಸಂಬಂಧ ಬಂತು. ಹುಡುಗ ಈರಣ್ಣ, ಯರಗಟ್ಟಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಅವನು ಪಡಸಾಲೆಗೆ ಕಾಲಿಟ್ಟ ಕೂಡಲೇ ನನಗೆ ಗೊತ್ತಾಯಿತು, ಯಾರ ಹಾಗೂ ಇಲ್ಲದವನೊಬ್ಬ ಬಂದ ಎಂದು. ದಿನವಿಡೀ ಯೂರಿಯಾ ತೂಗುವವನಿಗೂ ಗಾಳಿಯಾಗುವ ಆಸೆ!

ತೀರ್ಮಾನ ಅವನ ಕೈಯಲ್ಲಿ ಇರಲಿಲ್ಲ. ಅವನನ್ನು ಸಾಕಿದ ಸೋದರತ್ತೆ ಗಂಗವ್ವ ಜೊತೆಗೆ ಬಂದಿದ್ದರು. ಶೋಭಾ ಬಂದು ಕಾಲಿಗೆರಗಿದಳು. ನಮ್ಮ ಕಡೆಯ ಪದ್ಧತಿಯಂತೆ ಆ ಹಿರಿಯಳು ಹುಡುಗಿಯನ್ನು ಮಗ್ಗುಲಿಗೆ ಕೂಡಿಸಿಕೊಂಡು, ಹೆರಳು ಸ್ವಂತದ್ದೋ ಅಲ್ಲವೋ ಎಂದು ಕೈಯಿಂದ ಎಳೆದು ನೋಡಿದರು. ನೋಡಿದವರು ಹಾಗೇ ತಡೆದರು. ಮೂಗು ಅರಳಿಸಿದರು. ಆಮೇಲೆ ಆ ಕಡೆ ತಿರುಗಿ ಸೋದರಳಿಯನ ಅಂಗಿಯ ತೋಳು ಹಿಡಿದೆಳೆದು ಮೂಸಿದರು.

"ಏನವಾ ಇದು? ಇಕಿ ಮೈಮ್ಯಾಲೂ ಅದ ವಾಸನಿ, ಇಂವನ ಮೈಮ್ಯಾಲೂ ಅದ ವಾಸನಿ! ಇವರಿಬ್ಬರೂ ಇವತ್ತ ಮೊದಲ ಸಲ ಭೆಟ್ಟಿ ಆಗಾಕ ಹತ್ತ್ಯಾರೇನು?"

ಪಡಸಾಲೆಯಲ್ಲೆಲ್ಲ ಈರಣ್ಣನ ಸೆಂಟೇ ತುಂಬಿದ್ದರಿಂದ ಶೋಭಾಳದು ನನ್ನ ಮೂಗಿಗೂ ತಪ್ಪಿತ್ತು. ಯಾರ ಮಾತಿಗೂ ಬಗ್ಗದ ಈರಣ್ಣನ ಕುತ್ತಿಗೆ ಮೊಣಕಾಲಿಗೆ ತಾಗುವಷ್ಟು ಬಗ್ಗಿತ್ತು. ನಮ್ಮ ಮನೆಯವರ ಮುಖ ನೋಡಿದೆ. ತಂಗಿಯ ಯರಗಟ್ಟಿ ನೌಕರಿಗೆ ಒಲ್ಲೆ ಒಲ್ಲೆ ಎನ್ನುತ್ತಲೇ ಒಪ್ಪಿದ ಮನುಷ್ಯ. ಈ ಮಾತು ಹೀಗೇ ಉಳಿದರೆ ಸಂಬಂಧವೂ ಹೋಯಿತು, ನಾಳೆಯಿಂದ ಶೋಭಾಳ ಬಸ್ಸೂ ಬಂದ್, ಶಾಲೆಯೂ ಬಂದ್.

"ಅಯ್ಯ ಅಮ್ಮಾರ, ಅದು ನಮ್ಮ ಮನಿಯಾಗಿನ ಸೆಂಟ್ರಿ. ಎಲ್ಲಾರೂ ಅದನ್ನ ಹಾಕ್ಕೋತೇವಿ. ತಡೀರಿ, ತಂದ ತೋರಸ್ತೇನಿ" ಎಂದು ಎದ್ದೆ. ಎಲ್ಲರೂ ಎಂದದ್ದು ಸುಳ್ಳು. ಆದರೆ ಶೋಭಾ ನಮ್ಮ ಬಾಟಲಿಯಿಂದಲೇ ಹಾಕಿಕೊಂಡಿದ್ದಾಳೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಒಳಕೋಣೆಯಲ್ಲಿ ಕಪಾಟು ತೆರೆದೆ. ಪೆಟ್ಟಿಗೆ ಸೀರೆಗಳ ನಡುವೆ ಇಟ್ಟಲ್ಲೇ ಇತ್ತು. ಮೇಲಿನ ಪ್ಲಾಸ್ಟಿಕ್ ಹಾಳೆ ಒಂದು ಮೂಲೆಯಲ್ಲೂ ಹರಿದಿರಲಿಲ್ಲ.

ತಿರುಗಿದೆ. ಶೋಭಾ ಬಾಗಿಲಲ್ಲಿ ನಿಂತಿದ್ದಳು. "ವೈನಿ… ಅಂವಾ ಕೊಟ್ಟಿದ್ದು, ಯರಗಟ್ಟಿ ಬಸ್‌ಸ್ಟ್ಯಾಂಡಿನಾಗ. ಇವತ್ತ ಒಂದೀಟ ಹಚ್ಚಿಕೊಂಡಿದ್ದೆ."

"ಹಚ್ಚಿಕೊಳ್ಳಾಕ ಬ್ಯಾರೆ ದಿನಾ ಸಿಗಲಿಲ್ಲೇನ? ಅಳಬ್ಯಾಡ, ಕಾಡಗಿ ಅಳಸ್ತೈತಿ."

ಕತ್ತರಿ ಹುಡುಕಲು ಹೊತ್ತಿರಲಿಲ್ಲ. ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದೆ, ಪೆಟ್ಟಿಗೆಯನ್ನು ಸೀರೆಯ ಕೆಳಗೆ ತುರುಕಿದೆ, ಬಾಟಲಿ ಹಿಡಿದು ಹೊರಬಂದೆ. ಮೊದಲು ನಮ್ಮ ಮನೆಯವರ ಎದೆಯ ಮೇಲೆ ಒಮ್ಮೆ ಒತ್ತಿದೆ, ಅವರು ಕೆಮ್ಮಿದರು. ಆಮೇಲೆ ಗಂಗವ್ವನವರ ಸೆರಗಿನ ಮೇಲೆ.

"ಈಗ ಮೂಸಿ ನೋಡ್ರಿ ಅಮ್ಮಾರ. ನಿಮ್ಮ ಸೆರಗಿಗೂ ಅದ ವಾಸನಿ, ನಮ್ಮ ಮನಿಯವರ ಅಂಗಿಗೂ ಅದ ವಾಸನಿ. ನೀವಿಬ್ಬರೂ ಇದಕ್ಕಿಂತ ಮೊದಲ ಎಲ್ಲೆ ಭೆಟ್ಟಿ ಆಗಿದ್ರಿ?"

ಮೊದಲು ನಕ್ಕವರು ನಮ್ಮ ಮನೆಯವರು. ಆಮೇಲೆ ಪಡಸಾಲೆಯೇ ನಕ್ಕಿತು. ಗಂಗವ್ವ ಮಾತ್ರ ನಗಲಿಲ್ಲ. ನನ್ನ ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು, ಸಾವಕಾಶ ಸೆರಗು ಕೊಡವಿ, "ಸಕ್ಕರಿ ತರ್ರಿ, ಬಾಯಿ ಸಿಹಿ ಮಾಡೂನು" ಎಂದರು.

ಅವರ ಕಣ್ಣಿಗೆ ಮಣ್ಣೆರಚಿದೆನೆಂಬ ಹೆಮ್ಮೆಯಲ್ಲಿ ನಾನು ಬಹಳ ದಿನ ತಿರುಗಾಡಿದೆ. ಶೋಭಾಳ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ರಾಮದುರ್ಗದಲ್ಲಿ ಗಂಗವ್ವ ನನ್ನನ್ನು ಬದಿಗೆ ಕರೆದು ಎಲೆಗೆ ಸುಣ್ಣ ಸವರುತ್ತ ಹೇಳಿದರು: "ತಂಗಿ, ಅವತ್ತ ನಿಮ್ಮ ಬಾಟ್ಲಿ ಕುತಗಿತನಾ ತುಂಬಿತ್ತಲ್ಲ. ಮನಿಮಂದಿ ಎಲ್ಲಾ ಹಾಕ್ಕೊಂಡರ ಹಂಗ ಇರತೈತೇನ?"

"ಮತ್ತ ಯಾಕ ಸುಮ್ಮನಿದ್ರಿ?"

"ಎದ್ದ ಹೋಗಾಕ ಸೆರಗ ಸಾವರಿಸಿಕೊಂಡಿದ್ನಿ. ಆದರ ನಾದಿನಿ ಸಲುವಾಗಿ ನಾಕ ಮಂದ್ಯಾಗ ಗಂಡಗ ಸೆಂಟ ಹೊಡ್ಯಾಕಿನ್ನ ನಾ ಎಲ್ಲೂ ಕಂಡಿಲ್ಲವಾ. ಇಂಥಾಕಿ ಬೆಳಸಿದ ಹುಡುಗಿ ನಮ್ಮನಿಗೆ ಬರಲಿ ಅಂದ್ನಿ."

ನೋಡಲು ಕೂಡಿಸಿದ್ದು ಶೋಭಾಳನ್ನು. ಅವರು ನೋಡಿಕೊಂಡು ಹೋದದ್ದು ನನ್ನನ್ನು. ಅದೂ ನಾನು ಒಂದು ಹನಿಯನ್ನೂ ಹಾಕಿಕೊಳ್ಳದೆ ನಿಂತಿದ್ದಾಗ.

ಬಾಟಲಿ ಇನ್ನೂ ಇದೆ. ಬೆಲ್ಲದ ಡಬ್ಬಿಗೆ ಇರುವೆ ಹತ್ತಿದಾಗ ಸುತ್ತಲೂ ಒಮ್ಮೆ ಹೊಡೆಯುತ್ತೇನೆ. ಗಂಡಿರುವೆ ಹೆಣ್ಣಿರುವೆ ಎಂಬ ಭೇದವಿಲ್ಲದೆ ಎಲ್ಲವೂ ಓಡುತ್ತವೆ. ಪೆಟ್ಟಿಗೆಯ ಬೆನ್ನ ಮೇಲೆ ಬರೆದದ್ದರಲ್ಲಿ ಅಷ್ಟು ಮಾತ್ರ ಖರೆ.