ಹೆಸರು ಬದಲಾದ ಫೈಲು

ಅಜ್ಜಂಪುರದಲ್ಲಿ ಕುಡಿಯುವ ನೀರಿನ ಪಂಪು ನಿಂತಿತ್ತು. ಅದನ್ನು ನಡೆಸುವ ಪ್ರೋಗ್ರಾಂ ನನ್ನ ಹೊಣೆ. ಕಡೂರಿನಲ್ಲಿ ರೈಲು ಹತ್ತಿ, ಲ್ಯಾಪ್‌ಟಾಪ್ ತೆರೆದು ಯಾವ ತಿದ್ದುಪಡಿಯಿಂದ ಕೆಟ್ಟಿತೆಂದು ಹುಡುಕಿದರೆ, ತಿದ್ದಿದ್ದನ್ನೆಲ್ಲ ನೆನಪಿಡುವ ಗಿಟ್‌ನಲ್ಲಿ ಹಳೆಯದೊಂದೂ ಕಾಣಲಿಲ್ಲ. "ಅಯ್ಯೋ!" ಎಂದುಬಿಟ್ಟೆ.

"ಯಾಕಮ್ಮಾ, ಏನಾಯ್ತು?" ಎದುರು ಕೂತಿದ್ದ ತರೀಕೆರೆಯ ಕಂಪ್ಯೂಟರ್ ಟೀಚರೊಬ್ಬರು ಕೇಳಿದರು.

"ಫೈಲಿನ ಹೆಸರು ಬದಲಾಯಿಸಿ ಬೇರೆ ಫೋಲ್ಡರಿಗೆ ಹಾಕಿದ್ದೆ ಮೇಡಂ. ಹಳೇದೆಲ್ಲ ಹೋಯ್ತು."

"ಎಲ್ಲೂ ಹೋಗಿಲ್ಲ ಕಣಮ್ಮಾ. ಹೆಸರು ಬದಲಾದ್ರೂ ಒಳಗಿರೋದನ್ನ ಹೋಲಿಸಿ, ಅದೇ ಫೈಲು ಅಂತ ಗಿಟ್ ಗುರುತು ಹಿಡಿಯುತ್ತೆ. ಹಳೇದನ್ನ ತೋರಿಸು ಅಂತ ಕೊಡೋ ಆಜ್ಞೆಗೆ 'ಫಾಲೋ' ಅಂತ ಸೇರಿಸಿ ಕೇಳು."

ಸೇರಿಸಿದೆ. ಹಳೆಯ ತಿದ್ದುಪಡಿಗಳೆಲ್ಲ ಸಾಲಾಗಿ ಬಂದವು, ತಪ್ಪೂ ಸಿಕ್ಕಿತು. ಬೀರೂರಲ್ಲಿ ಅವರು ಇಳಿಯುವಾಗ ಎದ್ದು ನಿಂತು ಕೈ ಮುಗಿದೆ.

ಮಧ್ಯಾಹ್ನ ಅಜ್ಜಂಪುರದ ನಲ್ಲಿಗಳಲ್ಲಿ ನೀರು ಬಂತು. ಜನ ಹೊಗಳಿದ್ದೇ ಹೊಗಳಿದ್ದು. ಮೇಡಂ ಪಾಲಿನ ಹೊಗಳಿಕೆಯನ್ನೂ ನಾನೇ ಇಟ್ಟುಕೊಂಡೆ.