ಹೊಸನೀರಿನ ದಿನ ಬಾರದ ನೆಂಟರು

ಹೊಸನೀರಿನ ವಾಸನೆ ಗೊತ್ತಾ ನಿಮಗೆ? ಬರೀ ಮಣ್ಣಿನ ವಾಸನೆಯಲ್ಲ ಅದು. ತಿಂಗಳುಗಟ್ಟಲೆ ಕಾದು ಬಿದ್ದ ಮರಳು, ದನದ ಸಗಣಿ, ಕೊಳೆತ ಜಾಲಿ ಎಲೆ, ಎಲ್ಲೋ ಸತ್ತ ಏಡಿ, ಎಲ್ಲವನ್ನೂ ಎಳಕೊಂಡು ಬಂದು ಮೂಗಿಗೆ ಗಪ್ಪನೆ ಹೊಡೆಯುತ್ತೆ. ಹೋದ ವಾರ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವಾಗ ಪೆನ್ನೇರಿನ ಸೇತುವೆ ಮೇಲೆ ಬಸ್ಸಿನ ಕಿಟಕಿಯಿಂದ ಆ ವಾಸನೆ ಬಂತು ನೋಡಿ, ಮಾವ ನೆನಪಾದ. ಓಬಳೇಶ ಮಾವ, ಅಂದರೆ ನನ್ನಮ್ಮನ ತಮ್ಮ, ತೀರಿಕೊಂಡು ವರ್ಷವಾಗುತ್ತಾ ಬಂತು. ರೊದ್ದಂ ಕಡೆ ಆ ನದಿದಂಡೆಯ ಊರಲ್ಲಿ, ಅಜ್ಜಿ, ಅಮ್ಮ, ಮಾವನ ಜೊತೆ ನಾನು ಬೆಳೆದ ಮನೆಯೂ ಈಗಿಲ್ಲ. ಆ ಜಾಗದಲ್ಲಿ ಯಾರದೋ ರೇಷ್ಮೆಹುಳದ ಶೆಡ್ಡು ಎದ್ದಿದೆ.

ಮಾವನಿಗೆ ಒಂದಿಷ್ಟು ಹೊಲ ಇತ್ತು, ಆದರೆ ಜೀವ ಎಲ್ಲ ನೀರಿನಲ್ಲಿ. ಹಿಂದೂಪುರದ ಅಂಗಡಿಯವರು, ಆಫೀಸಿನವರು ಗಾಳ ಕಟ್ಟಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದರು. ಎಲ್ಲಿ ನಿಲ್ಲಬೇಕು, ಏನು ಚುಚ್ಚಬೇಕು, ಯಾವಾಗ ಎಳೆಯಬೇಕು ಅಂತ ತೋರಿಸುವುದೇ ಮಾವನ ಕೆಲಸ. ಮಳೆಗಾಲದಲ್ಲಿ ಹೊಸನೀರಿಗೆ ಎದುರೇರಿ ಬರುವ ಗೆಂಡೆ ಮೀನು, ಚಳಿಗಾಲದ ತಿಳಿನೀರಿಗೆ ರಾಗಿಮುದ್ದೆಯ ಸಣ್ಣ ಉಂಡೆ, ಬೇಸಿಗೆಯಲ್ಲಿ ಮಡುಗಳ ಕೆಸರಿಗೆ ಇಳಿದು ಕೂರುವ ಕೊರವ ಮೀನು. ನೀರಿನ ಕಡೆ ಬೆರಳು ಮಾಡಿದರೆ ಮೀನು ಓಡುತ್ತವೆ ಅಂತ ಗದ್ದ ಎತ್ತಿಯೇ ಜಾಗ ತೋರಿಸುತ್ತಿದ್ದ ಪುಣ್ಯಾತ್ಮ. ಅಜ್ಜಿಗೆ ಇದೆಲ್ಲ ಕಂಡರೆ ಮೈ ಉರಿ. "ಮೀನು ತೋರ್ಸೋದೂ ಒಂದು ಕೆಲ್ಸ ಏನ್ಲಾ? ಹೆಣ್ಣು ಕೊಡೋರಿಗೆ ಏನಂತ ಹೇಳ್ಲಿ?" ಅನ್ನುತ್ತಿದ್ದಳು. ಏನಂತ ಹೇಳಿದಳು ಗೊತ್ತಾ? ಬೇಸಾಯಗಾರ ಅಂತಷ್ಟೇ ಹೇಳಿದಳು. ಸುಳ್ಳೇನೂ ಅಲ್ಲವಲ್ಲ!

ಹೆಣ್ಣು ಕಲ್ಯಾಣದುರ್ಗದ್ದು, ಹೆಸರು ವರಲಕ್ಷ್ಮಿ. ಅಜ್ಜಿ, ಅಮ್ಮ ಹೋಗಿ ನೋಡಿಕೊಂಡು ಬಂದರು, ಬಾಲದಂತೆ ನಾನೂ ಹೋಗಿದ್ದೆ. ಮಾವ ಬರಲಿಲ್ಲ. "ನೀವು ನೋಡಿದ್ರೆ ಸಾಕು ಬುಡ್ರಿ," ಅಂದುಬಿಟ್ಟ, ಅಷ್ಟು ನಾಚಿಕೆ. ನಾವು ವಾಪಸು ಬಂದ ಮೇಲೆ ಹಿತ್ತಲಿಗೆ ಕರೆದು ನನ್ನನ್ನು ಒಂದೇ ಒಂದು ಮಾತು ಕೇಳಿದ: "ನಗ್ತಾಳೇನಮ್ಮ?" ನಗ್ತಾಳೆ ಅಂದೆ. ಮರುದಿನದಿಂದ ತಾನೇ ಮನೆಗೆಲ್ಲ ಸುಣ್ಣ ಬಳಿದ. ಅಂಗಳದ ಕಲ್ಲು ಆರಿಸಿದ. ಮದುವೆ ಬೇಡ ಬೇಡ ಅನ್ನುತ್ತಿದ್ದವನು ಇವನೇನಾ ಅಂತ ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ಹುಡುಗಿ ಕಡೆಯವರು ಮನೆ ನೋಡಲು ಬರುವ ದಿನವೇ ಪೆನ್ನೇರಿಗೆ ಹೊಸನೀರು ಬರಬೇಕೆ! ಬೆಳಕು ಹರಿಯುವಷ್ಟರಲ್ಲಿ ಮಾವ ಹೊರಟು ನಿಂತಿದ್ದ. "ಹಿಂದೂಪುರದೋರು ಆಚೆದಡಕ್ಕೆ ಬಂದ್ಬುಟ್ಟವ್ರೆ ಕಣವ್ವ, ನೀರು ಏರೋಕ್ಮುಂಚೆ ದಾಟ್ಬೇಕು, ಮಧ್ಯಾನದೊಳಗೆ ಬತ್ತೀನಿ." ಅಜ್ಜಿ ಬೈದಳು, ಹೋಳಿಗೆಗೆ ಹೂರಣ ರುಬ್ಬಿದಳು. ನೆಂಟರು ಬರಲಿಲ್ಲ. ಮಧ್ಯಾಹ್ನ ದಾಟಿತು, ಬರಲಿಲ್ಲ. ನೀರು ಇಳಿದ ಮೇಲೆ ಮಾವ ತೊಯ್ದ ಬಟ್ಟೆಯಲ್ಲೇ ಓಡಿ ಬಂದ, ಕೈಯಲ್ಲೊಂದು ದಪ್ಪ ಗೆಂಡೆ. "ಬಂದ್ರಾ?" ಅಂದ. ಅಮ್ಮ ತಲೆ ಅಲ್ಲಾಡಿಸಿದಳು. "ಇದ್ಯಾಕೆ ತಂದೆ?" ಅಂದದ್ದಕ್ಕೆ, "ಯಾರೋ ಹಿಡಿದು ಹಂಗೇ ಬುಟ್ಟೋದ್ರು," ಅಂದ. ಮಾರನೆಯ ದಿನ ಆ ಮೀನನ್ನು ಸಾರು ಮಾಡಿ ತಿಂದೆವು. ಅದರ ಮಾರನೆಯ ದಿನ, ಅವರಿಗೆ ಬೇಡವಂತೆ ಅಂತ ಸುದ್ದಿ ಬಂತು. ಯಾಕೆ ಬೇಡ? ಯಾರೂ ಹೇಳಲಿಲ್ಲ. ಊರಲ್ಲಿ ಯಾರೋ ಚಾಡಿ ಹೇಳಿದ್ದಾರೆ ಅಂತ ಅಜ್ಜಿ ಸಾಯುವ ತನಕ ಶಾಪ ಹಾಕಿದಳು. ಮಾವನೇ ಬೇಕಂತ ತಪ್ಪಿಸಿದ ಅಂತ ಅಮ್ಮನಿಗೆ ಅನುಮಾನ. ನನಗೋ, ನಗ್ತಾಳೆ ಅಂತ ನಾನು ಹೇಳಿದ್ದಕ್ಕೇ ಏನಾದರೂ ಆಯಿತೇನೋ ಅನ್ನುವ ಹುಚ್ಚು ಭಯ. ಮಾವ ಮಾತ್ರ ಮತ್ತೆ ಯಾವ ಸಂಬಂಧಕ್ಕೂ ಒಪ್ಪಲಿಲ್ಲ. "ಒಂದ್ಸಲ ಕಾದಿದ್ದು ಸಾಕು," ಅನ್ನುತ್ತಿದ್ದ.

ಹೋದ ವಾರ ಕಲ್ಯಾಣದುರ್ಗಕ್ಕೆ ಹೋದದ್ದು ಗೆಳತಿಯ ಮಗಳ ಮದುವೆಗೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಹೆಂಗಸು ನನ್ನ ಊರು ಕೇಳಿದಳು. ಹೇಳಿದೆ. ಕಲಸಿದ ಅನ್ನ ಹಾಗೇ ಬಿಟ್ಟು ನನ್ನ ಮುಖ ನೋಡಿದಳು. "ಅಲ್ಲಿ ಓಬಳೇಶಪ್ಪ ಅಂತ ಒಬ್ರಿದ್ರು, ಗೊತ್ತಾ?" ನನ್ನ ಮಾವ ಅಂದೆ. ಅವಳೇ ವರಲಕ್ಷ್ಮಿ. ಆಮೇಲೆ ಕೈ ತೊಳೆದು ಮೂಲೆಯ ಕುರ್ಚಿಗಳಲ್ಲಿ ಕೂತು ಅವಳು ಎಲ್ಲ ಹೇಳಿದಳು.

ಅವತ್ತು ಅವರು ಬಂದಿದ್ದರಂತೆ! ಮನೆ ನೋಡಲು ಹೆಣ್ಣು ಬರುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಅಲ್ಲಿಂದ ಹಾಗೇ ಹಿಂದೂಪುರಕ್ಕೆ ಹೋಗಿ ಸೀರೆ ತರೋಣ ಅಂತ ಅವಳಪ್ಪ ಅವಳನ್ನೂ ಜೀಪಿನಲ್ಲಿ ಕೂರಿಸಿಕೊಂಡಿದ್ದ. ಆಚೆದಡದಲ್ಲಿ ನೀರು ಅಡ್ಡವಾಗಿ ನಿಂತರು. ಹುಡುಗಿಯೊಬ್ಬಳು ಜೊತೆಗಿದ್ದದ್ದರಿಂದ ಇವರೇ ನೆಂಟರು ಅಂತ ಮಾವನಿಗೆ ಹೊಳೆಯಲಿಲ್ಲ, ಇವರೂ ಗಾಳ ಹಾಕಲು ಬಂದ ಯಾರೋ ಅಂದುಕೊಂಡ. "ನೀರು ಇಳಿಯೋವರ್ಗೂ ಸುಮ್ನೆ ಯಾಕೆ ನಿಂತ್ಕೋತೀಯಮ್ಮ," ಅಂತ ಗಾಳದ ಕಡ್ಡಿ ಕೈಗೆ ಕೊಟ್ಟನಂತೆ. ಗದ್ದ ಎತ್ತಿ ಜಾಗ ತೋರಿಸಿದನಂತೆ. ಗಾಳದ ಬೆಂಡು ಮುಳುಗಿದಾಗ ಪಕ್ಕದಲ್ಲಿ ನಿಂತು, "ಮೆಲ್ಲಗಾ, ಮೆಲ್ಲಗಾ, ಇಪ್ಪುಡು ಲಾಗಮ್ಮಾ," ಈಗ ಎಳಿಯಮ್ಮ ಅಂತ ತೆಲುಗಿನಲ್ಲಿ ಅಂದನಂತೆ. ಎಳೆದಳು. ಗೆಂಡೆ ಬಂತು. "ಅಷ್ಟು ನಕ್ಕಿದ್ದು ನಾನು ಅವತ್ತೇ ಕಣಮ್ಮ," ಅಂದಳು. ಅಷ್ಟರಲ್ಲಿ ದೂರದಿಂದ ಯಾರೋ ಗಿರಾಕಿ "ಓಬಳೇಶಾ" ಅಂತ ಕೂಗಿದ. ಮಾವ ಓಗೊಟ್ಟು ಆ ಕಡೆ ಓಡಿದ. ಆ ಹೆಸರು ಕೇಳಿ ಅವಳಪ್ಪ ಅಲ್ಲಿದ್ದವರನ್ನು ವಿಚಾರಿಸಿ, ಮುಖ ಗಂಟಿಕ್ಕಿ, ಕಂಡೋರಿಗೆ ಮೀನು ತೋರಿಸೋನಿಗಾ ನನ್ನ ಮಗಳು ಅಂತ ಜೀಪು ತಿರುಗಿಸಿಬಿಟ್ಟ. ಮೀನು ಮರಳಿನ ಮೇಲೆ ಉಳಿಯಿತು.

ಅಯ್ಯೋ ಶಿವನೇ, ಈಗ ಯಾರಿಗೆ ಹೇಳಲಿ ಇದನ್ನ? ಅಜ್ಜಿ ಇಲ್ಲ, ಅಮ್ಮ ಇಲ್ಲ, ಮಾವ ಇಲ್ಲ. ಮಾವನಿಗೆ ಆಮೇಲಾದರೂ ಹೊಳೆದಿತ್ತೇ? ಹೊಳೆದೇ ಬಾಯಿ ಬಿಡದೆ ಕೂತನೇ? ಹೊಳೆಯಲೇ ಇಲ್ಲ ಅಂದರೆ ಅದು ಒಳ್ಳೆಯದೇ, ಕೆಟ್ಟದ್ದೇ? ನಾನು ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳಿಗೆ ಗಂಡ ಇದ್ದಾರೆ, ಮೊಮ್ಮಕ್ಕಳಿದ್ದಾರೆ. "ನಂಗೇನೂ ಕಮ್ಮಿ ಇಲ್ಲಮ್ಮ," ಅಂತ ಅವಳೇ ಹೇಳಿದಳು. ಆಮೇಲೆ ಕೇಳಿದಳು: "ಆಯಪ್ಪ ಮದ್ವೆ ಮಾಡ್ಕೊಂಡ್ರಾ?"

"ಇಲ್ಲ ಅತ್ತೆ," ಅಂದೆ.

ಅಮ್ಮ ಅನ್ನಬೇಕಿತ್ತು, ಅಕ್ಕ ಅನ್ನಬಹುದಿತ್ತು. ಮಾವನ ಹೆಂಡತಿಗೆ ಅನ್ನುವ ಮಾತು ಅದೆಲ್ಲಿಂದ ಬಾಯಿಗೆ ಬಂತೋ, ದೇವರಾಣೆ ಗೊತ್ತಿಲ್ಲ. ನಾಲಿಗೆ ಕಚ್ಚಿಕೊಂಡೆ. ಅವಳು ಅತ್ತ ಗಂಡ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಕಡೆ ಒಮ್ಮೆ ನೋಡಿ, ನನ್ನ ಕೈ ಹಿಡಿದು ಮೆಲ್ಲಗೆ ಅಂದಳು: "ಇನ್ನೊಂದ್ಸಲ ಅನ್ನಮ್ಮ."

ನಮ್ಮ ಮನೆಯಲ್ಲಿ ಆ ಮಾತಿಗೆ ಓಗೊಡುವವರು ಯಾರೂ ಇರಲಿಲ್ಲ. ಇನ್ನೊಂದು ಸಲ ಅಂದೆ.