ಖಾಲಿ ಬಿಟ್ಟ ಸಾಲು

ಹವಾಮಾನದ ಉಪಗ್ರಹ ಸಮುದ್ರಕ್ಕೆ ಬಿದ್ದ ದಿನ ಬೆಳಿಗ್ಗೆ ನಾನು ತಳಕಿನ ಶಾಲೆಯ ಮಳೆಮಾಪಕದಿಂದ ಇಪ್ಪತ್ತು ಹೆಜ್ಜೆ ದೂರ, ಈರಮ್ಮನ ಹೋಟೆಲಿನ ಹೊಸ್ತಿಲ ಮೇಲೆ ನಿಂತಿದ್ದೆ. ಮಳೆ ಅಳೆಯುವ ಮೇಷ್ಟ್ರು ಒಳಗೆ ಕೂತು ಮಾಪಕದ ತಾಮ್ರದ ಆಲಿಕೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಮಳೆ ಲೆಕ್ಕದ ಪುಸ್ತಕದಲ್ಲಿ ಅವರು ಒಂದು ದಿನವನ್ನೂ ತಪ್ಪಿಸಿದವರಲ್ಲ. "ಸೊನ್ನೇನೂ ಬರೀಬೇಕು ಕಣಪ್ಪ" ಎನ್ನುತ್ತಿದ್ದರು.

"ಇದನ್ಯಾಕೆ ಕಿತ್ಕಂಡು ಬಂದ್ರಿ ಮೇಷ್ಟ್ರೇ?" ಎಂದಳು ಈರಮ್ಮ.

"ಇನ್ಮೇಲೆ ಮಳೇನ ಆಕಾಶದಿಂದ್ಲೇ ನೋಡ್ತಾರಂತವ್ವ. ಇದಕ್ಕೆ ಪೆನ್ಷನ್ನು."

"ಹಂಗಾರೆ ನಿಮಗೂ ಆತು ಬಿಡ್ರಿ!"

ಅವರು ನಕ್ಕರು. ಆಮೇಲೆ ರೇಡಿಯೋ ಉಪಗ್ರಹ ಬಿದ್ದ ಸುದ್ದಿ ಹೇಳಿತು. ಉಜ್ಜುವ ಕೈ ನಿಂತಿತು. ಬೇರೆ ಸುದ್ದಿ ಬಂದರೂ ಅವರು ರೇಡಿಯೋವನ್ನೇ ನೋಡುತ್ತ ಕೂತಿದ್ದರು. ಹೊರಗೆ ಬಿಸಿಲಿನಲ್ಲೇ ದಪ್ಪ ಹನಿಗಳು ಬೀಳತೊಡಗಿದವು. ಮೇಷ್ಟ್ರು ಆಲಿಕೆಯನ್ನು ಎದೆಗವಚಿಕೊಂಡು ಓಡಿದರು. ಅದನ್ನು ಮಾಪಕದ ಮೇಲೆ ಕೂರಿಸುವಷ್ಟರಲ್ಲಿ ಮಳೆ ನಿಂತಿತ್ತು. ಒದ್ದೆ ಮಣ್ಣಿನ ವಾಸನೆಯಲ್ಲಿ, ನಿದ್ದೆಯಿಂದ ಎದ್ದವರಂತೆ, ಬಹಳ ಹೊತ್ತು ಮೇಲೆ ನೋಡಿದರು.

"ಒಂದಂದಾಜು ಬರೀರಿ ಮೇಷ್ಟ್ರೇ" ಎಂದೆ.

"ಅಳೀದೆ ಹೆಂಗೆ ಬರೀಲಿ? ಸೊನ್ನೆ ಹಾಕಾಣ ಅಂದ್ರೆ, ಮಳೆ ಬಂದೈತೆ."

ಆ ದಿನದ ಸಾಲನ್ನು ಖಾಲಿ ಬಿಟ್ಟರು. ಆ ಮಳೆಯನ್ನು ಕಂಡವರಲ್ಲಿ ಇನ್ನೂ ಇರುವವರು ಇಬ್ಬರು: ಈರಮ್ಮ ಮತ್ತು ನಾನು.